ಎಸ್‌ಎಸ್‌ಎಚ್‌ಗೆ ಹಳೆಯ ರ‍್ಯಾಪರ್ ವಾಪಸ್ ಹಾಕಬೇಕೇ? ಸೆಂಟ್‌ಓಎಸ್ 7ರಿಂದ ಅಲ್ಮಾಲಿನಕ್ಸ್ 9ಕ್ಕೆ ಹೋದ ಕೆಲಸದ ಲಾಗ್

ಹೊಸ ಸರ್ವರ್ ಓಡುತ್ತಿದೆ, ಹಳೆಯದನ್ನು ನಿಲ್ಲಿಸಿದ್ದೇವೆ. ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ದಾರಿ ಎಸ್‌ಎಸ್‌ಎಚ್, ಅದನ್ನು ಒದಗಿಸುವ ತಂತ್ರಾಂಶ ಓಪನ್‌ಎಸ್‌ಎಸ್‌ಎಚ್. ಯಾವ ವಿಳಾಸದಿಂದ ಬಂದವರನ್ನು ಒಳಗೆ ಬಿಡಬೇಕೆಂದು ಅದಕ್ಕೆ ಹೇಳುತ್ತಿದ್ದ ಹಳೆಯ ಲೈಬ್ರರಿ ಟಿಸಿಪಿ ರ‍್ಯಾಪರ್. ಈ ಕೆಲಸದಲ್ಲಿ ಹೆಚ್ಚು ಸಮಯ ತಿಂದದ್ದು ಡೇಟಾ ಸಾಗಿಸುವುದಲ್ಲ, ಒಂದೇ ಒಂದು ಪ್ರಶ್ನೆ: ಓಪನ್‌ಎಸ್‌ಎಸ್‌ಎಚ್‌ನವರು ತೆಗೆದುಹಾಕಿದ ಟಿಸಿಪಿ ರ‍್ಯಾಪರ್ ಬೆಂಬಲವನ್ನು ನಾವೇ ಪ್ಯಾಚ್ ಮಾಡಿ (ಮೂಲ ಕೋಡ್ ತಿದ್ದಿ) ಮತ್ತೆ ಸೇರಿಸಬೇಕೇ, ಬೇಡವೇ? ಸೇರಿಸಿಯೂ ನೋಡಿದೆ. ಏನಾಯಿತು, ಆಮೇಲೆ ಏನು ಮಾಡಿದೆವು ಎಂಬುದನ್ನು ಮಾಡಿದ ಕ್ರಮದಲ್ಲೇ ಬರೆದಿದ್ದೇನೆ.

ಹಿನ್ನೆಲೆ ಇಷ್ಟು. ಸೆಂಟ್‌ಓಎಸ್ 7 ಎಂಬ ಲಿನಕ್ಸ್ ವಿತರಣೆಗೆ (ಕರ್ನೆಲ್, ಪ್ಯಾಕೇಜುಗಳನ್ನೆಲ್ಲ ಸೇರಿಸಿ ಕೊಡುವ ಕಟ್ಟು) ಬೆಂಬಲ 2024ರ ಜೂನ್ 30ಕ್ಕೆ ನಿಂತಿತು. ಅದರಲ್ಲಿದ್ದದ್ದು ಓಪನ್‌ಎಸ್‌ಎಸ್‌ಎಚ್ 7.4. ಮೂಲ ಓಪನ್‌ಎಸ್‌ಎಸ್‌ಎಚ್ 2014ರ ಅಕ್ಟೋಬರ್‌ನಲ್ಲಿ ಬಂದ 6.7ರಲ್ಲೇ ಟಿಸಿಪಿ ರ‍್ಯಾಪರ್ ಬೆಂಬಲವನ್ನು ಕಿತ್ತುಹಾಕಿತ್ತು. ಆದರೆ ರೆಡ್ ಹ್ಯಾಟ್ (ಸೆಂಟ್‌ಓಎಸ್, ಅಲ್ಮಾಲಿನಕ್ಸ್ ಎರಡೂ ಇದರ ಲಿನಕ್ಸ್ ಅನ್ನೇ ಅನುಸರಿಸುತ್ತವೆ) ತನ್ನ 7ರ ಸಾಲಿನಲ್ಲಿ ಅದನ್ನು ಪ್ಯಾಚ್ ಮೂಲಕ ಉಳಿಸಿಕೊಂಡಿತ್ತು, 8ರಿಂದ ಕೈಬಿಟ್ಟಿತು. ಹಾಗಾಗಿ 7ರಿಂದ ನೇರ 9ಕ್ಕೆ ಬಂದವರಿಗೆ ಹೋಸ್ಟ್ಸ್ ಅಲೋ, ಹೋಸ್ಟ್ಸ್ ಡಿನೈ ಎಂಬ ರ‍್ಯಾಪರ್‌ನ ನಿಯಮ ಫೈಲುಗಳು (ಮೊದಲನೆಯದು ಯಾರನ್ನು ಬಿಡಬೇಕು, ಎರಡನೆಯದು ಯಾರನ್ನು ತಡೆಯಬೇಕು) ಕೆಲಸ ನಿಲ್ಲಿಸುತ್ತವೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಫೈಲುಗಳನ್ನು ನಕಲು ಮಾಡಿದರೆ ಅವು ಇದ್ದಲ್ಲೇ ಇರುತ್ತವೆ, ಓದುವವರು ಯಾರೂ ಇರುವುದಿಲ್ಲ. ಈ ಲಾಗ್‌ನಲ್ಲಿ ಬೇರೇನೂ ಓದದಿದ್ದರೂ ಇದೊಂದನ್ನು ತಲೆಯಲ್ಲಿಟ್ಟುಕೊಳ್ಳಿ.

ಹಂತ 1: ಹಳೆಯ ನಿಯಮಗಳ ಪಟ್ಟಿ

ಹೋಸ್ಟ್ಸ್ ಡಿನೈನಲ್ಲಿ ಇದ್ದದ್ದು ಒಂದೇ ಸಾಲು: ಎಸ್‌ಎಸ್‌ಎಚ್‌ಡಿಗೆ (ಸರ್ವರ್‌ನಲ್ಲಿ ಎಸ್‌ಎಸ್‌ಎಚ್ ಸಂಪರ್ಕ ಸ್ವೀಕರಿಸುವ ಪ್ರೋಗ್ರಾಮ್) ಯಾರೂ ಬರಬಾರದು. ಹೋಸ್ಟ್ಸ್ ಅಲೋದಲ್ಲಿ ಮೂರು ವಿನಾಯಿತಿ.

ಒಂದು, ಶಾಖೆಗಳ ಒಳಜಾಲ 10.20.0.0/16. ಎರಡು, ಹುಬ್ಬಳ್ಳಿ ಕಚೇರಿಯ 192.168.14.0/24, ಅದರಲ್ಲಿ 192.168.14.77 ಹೊರತುಪಡಿಸಿ, ಅದು ಸಂದರ್ಶಕರ ಕೋಣೆಯ ಕಂಪ್ಯೂಟರ್. ಮೂರು, ನಮ್ಮ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುವ ವೆಂಡರ್. ಇವರನ್ನು ಐಪಿ ವಿಳಾಸದಿಂದಲ್ಲ, ಡೊಮೇನ್ ಹೆಸರಿನಿಂದ ಒಳಗೆ ಬಿಡುತ್ತಿದ್ದೆವು. ಆ ಸಾಲಿನ ಬಾಲಕ್ಕೆ ಒಂದು ಸ್ಪಾನ್ ಆಜ್ಞೆ ಇತ್ತು: ವೆಂಡರ್ ಬಂದಾಗಲೆಲ್ಲ ಒಂದು ಮೇಲ್ ಹೋಗುತ್ತಿತ್ತು.

ನಿಯಮಗಳನ್ನು ಕಣ್ಣಿನಿಂದ ಓದಿ ಅರ್ಥಮಾಡಿಕೊಂಡರೆ ಸಾಲದು. ಟಿಸಿಪಿ ರ‍್ಯಾಪರ್ ಜೊತೆಗೇ ಟಿಸಿಪಿಡಿಮ್ಯಾಚ್ ಎಂಬ ಉಪಕರಣ ಬರುತ್ತದೆ. ಸೇವೆಯ ಹೆಸರು, ವಿಳಾಸ ಎರಡನ್ನೂ ಕೊಟ್ಟರೆ ಯಾವ ಫೈಲಿನ ಎಷ್ಟನೇ ಸಾಲು ಹೊಂದುತ್ತದೆ, ಒಳಗೆ ಬಿಡುತ್ತದೋ ತಡೆಯುತ್ತದೋ ಎಂದು ಹೇಳುತ್ತದೆ. ಹಳೆಯ ಸರ್ವರ್ ನಿಲ್ಲಿಸುವ ಮೊದಲೇ ಪ್ರತಿ ಜಾಲದಿಂದ ಕೆಲವು ವಿಳಾಸ, 77, ಜಾಲದ ಅಂಚಿನ ವಿಳಾಸಗಳು, ಪೂರ್ತಿ ಹೊರಗಿನ ಒಂದೆರಡು, ಎಲ್ಲವನ್ನೂ ಅದಕ್ಕೆ ಕೊಟ್ಟು ಉತ್ತರಗಳನ್ನು ಒಂದು ಫೈಲಿಗೆ ಇಳಿಸಿಕೊಂಡೆ. ಮುಂದಿನ ಪ್ರತಿ ಹಂತವನ್ನೂ ಈ ಕೋಷ್ಟಕದ ಎದುರು ಇಟ್ಟು ನೋಡಿದ್ದೇನೆ.

ಹಂತ 2: ವಾಪಸ್ ಹಾಕುವ ಮಾತು ಬಂದದ್ದು

ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಮೊದಲಿನಿಂದಲೂ ಈ ಸರ್ವರ್ ನೋಡಿಕೊಂಡವರು. ಅವರ ಮಾತು ನೇರ: "ಇಷ್ಟು ವರ್ಷ ನಡದೈತಿ, ಈಗ್ಯಾಕ ಬ್ಯಾಡ ಅಂತೀರಿ? ವಾಪಸ್ ಹಾಕ್ರಿ ಸರ." ಅವರ ವಾದದಲ್ಲಿ ಬಲವಿತ್ತು. ಹಿಂದೊಮ್ಮೆ ಯಾರೋ ಜಾಲದ ತೊಂದರೆ ಹುಡುಕಲು ಫೈರ್‌ವಾಲ್ ನಿಲ್ಲಿಸಿ, ಮತ್ತೆ ಶುರು ಮಾಡುವುದನ್ನು ಮರೆತಿದ್ದರು. ಆ ಹೊತ್ತಿನಲ್ಲಿ ಹೊರಗಿನವರನ್ನು ತಡೆದದ್ದು ಹೋಸ್ಟ್ಸ್ ಡಿನೈನ ಆ ಒಂದೇ ಸಾಲು. ಎರಡನೇ ತಡೆ ಬೇಕೇ ಬೇಕು ಎಂಬುದು ಅವರ ಹಟ. ನನಗೂ ಅದು ಸರಿಯೆನಿಸಿತು. ಹಾಗಾಗಿ ಮೊದಲು ಅವರು ಹೇಳಿದಂತೆಯೇ ಮಾಡಿ ನೋಡಲು ಹೊರಟೆ.

ಹಂತ 3: ಪ್ಯಾಚ್ ಮಾಡಿ ಕಟ್ಟಿದ್ದು

ಬೇಕಾದದ್ದು: ನನ್ನ ಲ್ಯಾಪ್‌ಟಾಪ್‌ನಲ್ಲಿ ಕೆವಿಎಂ ಮೇಲೆ ಅಲ್ಮಾಲಿನಕ್ಸ್ 9ರ ವರ್ಚುವಲ್ ಯಂತ್ರ (2 ಕೋರ್, 2 ಜಿಬಿ ಮೆಮರಿ, 20 ಜಿಬಿ ಡಿಸ್ಕ್), ಕಂಪೈಲರ್, ಮೇಕ್, ಆಟೋಕಾನ್ಫ್, ಓಪನ್‌ಎಸ್‌ಎಸ್‌ಎಲ್, ಝಡ್‌ಲಿಬ್ ಮತ್ತು ಪ್ಯಾಮ್‌ನ (ಲಾಗಿನ್ ಪರಿಶೀಲಿಸುವ ಲಿನಕ್ಸ್ ವ್ಯವಸ್ಥೆ) ಡೆವೆಲ್ ಪ್ಯಾಕೇಜುಗಳು, ಓಪನ್‌ಎಸ್‌ಎಸ್‌ಎಚ್ 9.9ರ ಮೂಲ. ಹೊರಗಿನ ಪ್ಯಾಕೇಜ್ ಭಂಡಾರ ಸೇರಿಸಬಾರದೆಂಬುದು ನಮ್ಮಲ್ಲಿ ನಿಯಮ, ಆದ್ದರಿಂದ ಟಿಸಿಪಿ ರ‍್ಯಾಪರ್ ಅನ್ನೂ ಮೂಲದಿಂದಲೇ ಕಟ್ಟಬೇಕಾಯಿತು. ಖರ್ಚು ಸಂಜೆಗಳ ಸಮಯವಷ್ಟೆ.

ಟಿಸಿಪಿ ರ‍್ಯಾಪರ್ ಬರೆದವರು ವೀಟ್ಸೆ ವೆನೆಮಾ, 1990ರಲ್ಲಿ, ನೆದರ್ಲೆಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಯಂತ್ರಗಳಿಗೆ ನುಗ್ಗುತ್ತಿದ್ದ ಒಬ್ಬನ ಜಾಡು ಹಿಡಿಯಲು ಬರೆದದ್ದು ಅದು. ಆವೃತ್ತಿ 7.6 ಬಂದದ್ದು 1997ರಲ್ಲಿ, ಅದೇ ಕೊನೆ. 1999ರ ಜನವರಿಯಲ್ಲಿ ಇದೇ 7.6ರ ಕಡತವನ್ನು ಡೌನ್‌ಲೋಡ್ ಸರ್ವರ್‌ನಲ್ಲೇ ಯಾರೋ ಬದಲಾಯಿಸಿಟ್ಟಿದ್ದರು. ಪೋರ್ಟ್ 421ರಿಂದ ಹೊರಟು ಬಂದ ಸಂಪರ್ಕಕ್ಕೆ ಆ ಕಡತ ರೂಟ್ (ಇಡೀ ಯಂತ್ರದ ಮೇಲಿನ) ಅಧಿಕಾರ ಕೊಡುತ್ತಿತ್ತು. ಆದ್ದರಿಂದ ಎಲ್ಲಿಂದ ಇಳಿಸಿಕೊಂಡರೂ ಸಹಿ ಪರಿಶೀಲಿಸದೆ ಮುಂದೆ ಹೋಗಬೇಡಿ.

7.6 ಈಗಿನ ವ್ಯವಸ್ಥೆಯಲ್ಲಿ ಸುಮ್ಮನೆ ಕಂಪೈಲ್ ಆಗುವುದಿಲ್ಲ. ಎರರ್‌ಗಳು ಬಂದ ಕ್ರಮದಲ್ಲಿ:

ಸ್ಕ್ಯಾಫೋಲ್ಡ್ ಫೈಲಿನಲ್ಲಿ ಮ್ಯಾಲಕ್ ಅನ್ನು ಹಳೆಯ ರೀತಿಯಲ್ಲಿ ಘೋಷಿಸಿದ್ದಾರೆ, ಈಗಿನ ಹೆಡರ್ ಜೊತೆ ಅದು ಹೊಂದುವುದಿಲ್ಲ. ಆ ಸಾಲು ಅಳಿಸಿದೆ.

ಪರ್ಸೆಂಟ್-ಎಂ ಫೈಲಿನಲ್ಲಿ ಎರರ್ ಸಂದೇಶಗಳ ಪಟ್ಟಿಗೆ ಸಿಸ್-ಎರ್‌ಲಿಸ್ಟ್ ಬಳಸಿದ್ದಾರೆ. ಜಿಲಿಬ್‌ಸಿ (ಲಿನಕ್ಸ್‌ನ ಮೂಲ ಸಿ ಲೈಬ್ರರಿ) 2.32ರಿಂದ ಅದಕ್ಕೆ ಹೊಸದಾಗಿ ಲಿಂಕ್ ಮಾಡಲು ಬರುವುದಿಲ್ಲ. ಸ್ಟ್ರ್‌ಎರರ್ ಹಾಕಿದೆ.

ಲೈಬ್ರರಿ ಸ್ಟ್ಯಾಟಿಕ್ ಆಗಿ ಮಾತ್ರ ತಯಾರಾಗುತ್ತದೆ. ಓಪನ್‌ಎಸ್‌ಎಸ್‌ಎಚ್ ತಾನು ಪೊಸಿಷನ್ ಇಂಡಿಪೆಂಡೆಂಟ್ ಆಗಿ ಕಟ್ಟಿಕೊಳ್ಳುವುದರಿಂದ ಲಿಂಕ್ ಮಾಡುವಾಗ ರೀಲೊಕೇಶನ್ ಎರರ್ ಕೊಟ್ಟಿತು. ಎಫ್-ಪಿಕ್ ಆಯ್ಕೆ ಕೊಟ್ಟು ಮತ್ತೆ ಮೊದಲಿನಿಂದ ಕಟ್ಟಿದೆ.

ಅಲೋ-ಸಿವೆರಿಟಿ, ಡಿನೈ-ಸಿವೆರಿಟಿ ಎಂಬ ಎರಡು ವೇರಿಯೇಬಲ್ ಸಿಗುತ್ತಿಲ್ಲ ಎಂದು ಲಿಂಕರ್ ಗೋಳಾಡಿತು. ಇವನ್ನು ಲೈಬ್ರರಿ ಕೊಡುವುದಿಲ್ಲ, ಬಳಸುವ ಪ್ರೋಗ್ರಾಮೇ ಕೊಡಬೇಕು.

ಇನ್ನು ಓಪನ್‌ಎಸ್‌ಎಸ್‌ಎಚ್ ಕಡೆ. 6.6ರ ಮೂಲದಲ್ಲಿ ರ‍್ಯಾಪರ್‌ಗೆ ಸಂಬಂಧಿಸಿದ ಸಿ ಕೋಡ್ ಇಪ್ಪತ್ತು-ಇಪ್ಪತ್ತೈದು ಸಾಲು, ಅಷ್ಟೆ. ಸಂಪರ್ಕ ಬಂದ ಕೂಡಲೇ, ಲಾಗಿನ್ ಮಾತುಕತೆ ಶುರುವಾಗುವ ಮೊದಲು, ಯಾರು ಬಂದರು ಎಂದು ಲೈಬ್ರರಿಯನ್ನು ಕೇಳುವುದು, ಬೇಡವೆಂದರೆ ಕಡಿದುಹಾಕುವುದು. ಆ ಸಾಲುಗಳನ್ನು ತೆಗೆದು ಪ್ಯಾಚ್ ಮಾಡಿ ಹೊಡೆದೆ. ಒಂದು ಹಂಕ್ (ಪ್ಯಾಚ್‌ನ ಒಂದು ತುಣುಕು) ಕೂತುಕೊಳ್ಳಲಿಲ್ಲ. ಕಾರಣ, 2024ರ ಜುಲೈನಲ್ಲಿ ಬಂದ 9.8ರಿಂದ ಎಸ್‌ಎಸ್‌ಎಚ್‌ಡಿ ಎರಡು ಹೋಳಾಗಿದೆ. ಕಿವಿಗೊಟ್ಟು ಕೂರುವ ಚಿಕ್ಕ ಪ್ರೋಗ್ರಾಮ್ ಎಸ್‌ಎಸ್‌ಎಚ್‌ಡಿ; ಪ್ರತಿ ಸಂಪರ್ಕವನ್ನು ಸಂಭಾಳಿಸುವುದು ಎಸ್‌ಎಸ್‌ಎಚ್‌ಡಿ-ಸೆಷನ್ ಎಂಬ ಬೇರೆ ಬೈನರಿ. ತುಣುಕನ್ನು ಕೈಯಾರೆ ಸೆಷನ್ ಫೈಲಿಗೆ ಸಾಗಿಸಿದೆ, ಬದಲಾದ ಫಂಕ್ಷನ್ ಹೆಸರು ತಿದ್ದಿದೆ, ಕಾನ್ಫಿಗರ್‌ಗೆ ಹಳೆಯ ಆಯ್ಕೆ ಸೇರಿಸಿ ಆಟೋರೀಕಾನ್ಫ್ ಓಡಿಸಿದೆ. ಒಂದೂ ಎರರ್ ಇಲ್ಲದೆ ಕಟ್ಟಿಕೊಂಡಿತು.

ಹಂತ 4: ಎರರ್ ಇಲ್ಲದೆ ಕಟ್ಟಿಕೊಂಡದ್ದು ಯಾರನ್ನೂ ತಡೆಯಲಿಲ್ಲ

ಹಳೆಯ ಎರಡೂ ಫೈಲುಗಳನ್ನು ಹಾಗೇ ತಂದಿಟ್ಟು, ಪೋರ್ಟ್ 2222ರಲ್ಲಿ ಡೆಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್) ಎಬ್ಬಿಸಿ, ಎರಡನೇ ವರ್ಚುವಲ್ ಯಂತ್ರಕ್ಕೆ 192.168.14.77 ವಿಳಾಸ ಕೊಟ್ಟು ಸಂಪರ್ಕಿಸಿದೆ. ಕೋಷ್ಟಕದ ಪ್ರಕಾರ ತಡೆಯಬೇಕಿತ್ತು. ಪಾಸ್‌ವರ್ಡ್ ಕೇಳಿತು, ಕೊಟ್ಟೆ, ಒಳಗೆ ಬಿಟ್ಟಿತು. ಪಟ್ಟಿಯಲ್ಲೇ ಇಲ್ಲದ ಪೂರ್ತಿ ಹೊರಗಿನ ವಿಳಾಸ ಕೊಟ್ಟೆ. ಅದೂ ಒಳಗೆ.

ಲೈಬ್ರರಿ ಸೇರಿಯೇ ಇಲ್ಲವೇನೋ ಎಂದು ಎಸ್‌ಟ್ರೇಸ್ (ಪ್ರೋಗ್ರಾಮ್ ಯಾವ ಫೈಲು ತೆರೆಯುತ್ತದೆ ಎಂದೆಲ್ಲ ತೋರಿಸುವ ಉಪಕರಣ) ಹಾಕಿ ನೋಡಿದೆ. ಎಸ್‌ಎಸ್‌ಎಚ್‌ಡಿ-ಸೆಷನ್ ಹೋಸ್ಟ್ಸ್ ಅಲೋ ತೆರೆಯಿತು, ಓದಿತು, ಮುಚ್ಚಿತು. ಹೋಸ್ಟ್ಸ್ ಡಿನೈ ತೆರೆಯಿತು, ಓದಿತು, ಮುಚ್ಚಿತು. ಆಮೇಲೆ ಮಾಮೂಲಿಯಂತೆ ಲಾಗಿನ್ ಮಾತುಕತೆ ಶುರು ಮಾಡಿತು. ನಿಯಮ ಓದುತ್ತದೆ, ಓದಿಯೂ ಬಿಡುತ್ತದೆ.

ಕಾರಣ ಹಳೆಯ ಕೋಡ್‌ನ ಒಂದು ಪದ. ಯಾವ ಸೇವೆಯ ಪರವಾಗಿ ಕೇಳುತ್ತಿದ್ದೇನೆ ಎಂದು ಲೈಬ್ರರಿಗೆ ಹೇಳುವಾಗ ಆ ಕೋಡ್ ಪ್ರೋಗ್ರಾಮಿನ ಸ್ವಂತ ಹೆಸರನ್ನು ಕಳುಹಿಸುತ್ತದೆ. ಪ್ರೋಗ್ರಾಮ್ ಒಂದೇ ಇದ್ದ ಕಾಲದಲ್ಲಿ ಅದು ಎಸ್‌ಎಸ್‌ಎಚ್‌ಡಿ ಆಗಿತ್ತು. ಈಗ ಹೋಗುವ ಹೆಸರು ಎಸ್‌ಎಸ್‌ಎಚ್‌ಡಿ-ಸೆಷನ್. ನಮ್ಮ ನಿಯಮಗಳೆಲ್ಲ ಎಸ್‌ಎಸ್‌ಎಚ್‌ಡಿ ಹೆಸರಿನಲ್ಲಿವೆ. ಯಾವ ಸಾಲೂ ಹೊಂದಲಿಲ್ಲ. ಯಾವ ಸಾಲೂ ಹೊಂದದಿದ್ದರೆ ಒಳಗೆ ಬಿಡು ಎಂಬುದು ಟಿಸಿಪಿ ರ‍್ಯಾಪರ್‌ನ ಮೂಲ ನಿಯಮ. ಡಿನೈ ಫೈಲಿನಲ್ಲಿ ಎಲ್ಲ ಸೇವೆಗೂ ಎಲ್ಲರಿಗೂ ತಡೆ ಎಂದು ಬರೆದಿದ್ದವರಿಗೆ ಇದೇ ಪ್ಯಾಚ್ ತಾವೇ ಹೊರಗೆ ಉಳಿಯುವಂತೆ ಮಾಡುತ್ತಿತ್ತು, ತೊಂದರೆ ತಕ್ಷಣ ಗೊತ್ತಾಗುತ್ತಿತ್ತು. ನಮ್ಮಂತೆ ಸೇವೆಯ ಹೆಸರು ಹಿಡಿದು ಬರೆದಿದ್ದವರಿಗೆ ತಡೆ ಪೂರ್ತಿ ತೆರೆದುಕೊಳ್ಳುತ್ತದೆ, ಲಾಗ್‌ನಲ್ಲಿ ಒಂದು ಅಕ್ಷರವೂ ಬೀಳುವುದಿಲ್ಲ.

ಸರಿಪಡಿಸುವುದು ಸುಲಭ. ಪ್ರೋಗ್ರಾಮಿನ ಹೆಸರಿನ ಜಾಗದಲ್ಲಿ ಎಸ್‌ಎಸ್‌ಎಚ್‌ಡಿ ಎಂದು ನೇರವಾಗಿ ಬರೆದೆ. ಐಪಿವಿ4ನಲ್ಲಿ ಕೋಷ್ಟಕದ ಎಲ್ಲ ಸಾಲೂ ಸರಿಬಂತು. ಅಷ್ಟಕ್ಕೆ ನಿಲ್ಲಿಸದೆ ಇನ್ನೂ ಮೂರು ಪರೀಕ್ಷೆ ಮಾಡಿದೆ.

ಐಪಿವಿ6: ಮೂಲ 7.6ಕ್ಕೆ ಐಪಿವಿ6 ಗೊತ್ತೇ ಇಲ್ಲ, ಅದಕ್ಕೆ ಬೇರೆ ಆವೃತ್ತಿಯೇ ಇದೆ. ನಾನು ಕಟ್ಟಿದ್ದರಲ್ಲಿ ಐಪಿವಿ6ನಿಂದ ಬಂದ ಪ್ರತಿ ಸಂಪರ್ಕವೂ ಲಾಗ್‌ನಲ್ಲಿ 0.0.0.0 ಎಂದು ಕಾಣಿಸಿತು. ದೊಡ್ಡ ವಿಳಾಸದ ರಚನೆಯನ್ನು ಚಿಕ್ಕದರ ಅಳತೆಯಲ್ಲಿ ಓದುವುದರಿಂದ, ವಿಳಾಸ ಇರಬೇಕಾದ ಜಾಗದಲ್ಲಿ ಸೊನ್ನೆಗಳಿರುವ ಬೇರೊಂದು ಭಾಗ ಬಂದು ಕೂರುತ್ತದೆ. ಯಾರು ಬಂದರೆಂದು ತಿಳಿಯುವ ದಾರಿಯೇ ಇಲ್ಲ.

ಡಿಎನ್‌ಎಸ್ (ಹೆಸರಿಗೂ ವಿಳಾಸಕ್ಕೂ ನಂಟು ಹೇಳುವ ವ್ಯವಸ್ಥೆ): ವರ್ಚುವಲ್ ಯಂತ್ರದ ನೇಮ್ ಸರ್ವರ್ ಅನ್ನು ಉತ್ತರ ಕೊಡದ ವಿಳಾಸಕ್ಕೆ ತಿರುಗಿಸಿ, ಹೊರಗಿನ ವಿಳಾಸದಿಂದ ಸಂಪರ್ಕಿಸಿದೆ. ವೆಂಡರ್‌ನ ಹೆಸರಿನ ನಿಯಮ ಇರುವುದರಿಂದ ಲೈಬ್ರರಿ ಬಂದವರ ವಿಳಾಸಕ್ಕೆ ಹೆಸರು ಹುಡುಕಲು ಹೋಗುತ್ತದೆ. ರಿಸಾಲ್ವರ್‌ನ ಮಾಮೂಲಿ ಲೆಕ್ಕ 5 ಸೆಕೆಂಡ್, ಎರಡು ಬಾರಿ. ಪೂರ್ತಿ 10 ಸೆಕೆಂಡ್ ಆ ಸಂಪರ್ಕ ಏನೂ ಮಾಡದೆ ಕೂತಿತ್ತು. ಲಾಗಿನ್ ಆಗದ ಸಂಪರ್ಕಗಳಿಗೆ ಎಸ್‌ಎಸ್‌ಎಚ್‌ಡಿಯಲ್ಲಿ ಮಿತಿಯಿದೆ. ಮಾಮೂಲಿ ಸೆಟ್ಟಿಂಗ್‌ನಲ್ಲಿ 10 ದಾಟಿದ ಮೇಲೆ ಹೊಸದಾಗಿ ಬಂದವರನ್ನು ಅಲ್ಲಲ್ಲಿ ಬೀಳಿಸಲು ಶುರು ಮಾಡುತ್ತದೆ. ಹೊರಗಿನವನೊಬ್ಬ ನಿಧಾನದ ಡಿಎನ್‌ಎಸ್ ಇಟ್ಟುಕೊಂಡು ಪದೇ ಪದೇ ಬಡಿದರೆ ನಮ್ಮವರಿಗೇ ಜಾಗ ಸಿಗುವುದಿಲ್ಲ.

ಎಸ್‌ಇಲಿನಕ್ಸ್ (ಯಾವ ಪ್ರೋಗ್ರಾಮ್ ಏನು ಮಾಡಬಹುದೆಂದು ಕರ್ನೆಲ್ ಹಾಕುವ ಕಟ್ಟುಪಾಡು): ಪ್ರಕ್ರಿಯೆಗಳನ್ನು ಲೇಬಲ್ ಸಮೇತ ಪಟ್ಟಿ ಮಾಡಿದಾಗ, ವಿತರಣೆಯ ಡೆಮನ್ ತನ್ನದೇ ಎಸ್‌ಎಸ್‌ಎಚ್‌ಡಿ ಡೊಮೇನ್‌ನಲ್ಲಿ (ಇಲ್ಲಿ ಅನುಮತಿಗಳ ಗುಂಪು ಎಂದರ್ಥ) ಓಡುತ್ತಿತ್ತು. ನಾನು ಕಟ್ಟಿದ್ದು ನಿರ್ಬಂಧವಿಲ್ಲದ ಸೇವೆ ಎಂಬ ಡೊಮೇನ್‌ನಲ್ಲಿತ್ತು. ಲೇಬಲ್ ಹಾಕಿ ಸರಿಪಡಿಸಬಹುದು, ಆದರೆ ವಿತರಣೆಯ ಆಡಿಟ್ ದಾಖಲೆ, ಇಡೀ ವ್ಯವಸ್ಥೆಯ ಕ್ರಿಪ್ಟೋ ನೀತಿ ಇವೂ ನನ್ನ ಬೈನರಿಗೆ ಅನ್ವಯಿಸುತ್ತಿರಲಿಲ್ಲ. ಒಂದು ತಡೆ ವಾಪಸ್ ತರಲು ಹೋಗಿ ಇನ್ನೆಷ್ಟೋ ತಡೆ ಕಳಚುತ್ತಿದ್ದವು.

ಹಂತ 5: ವಾಪಸ್ ಹಾಕುವುದಿಲ್ಲ ಎಂದು ತೀರ್ಮಾನಿಸಿದ್ದು

ಡೆಬಿಯನ್, ಫ್ರೀಬಿಎಸ್‌ಡಿ ಇಬ್ಬರೂ ಮೂಲದಿಂದ ತೆಗೆದ ಮೇಲೂ ವರ್ಷಗಟ್ಟಲೆ ಈ ಪ್ಯಾಚ್ ಹೊತ್ತು ನಡೆದಿದ್ದಾರೆ. ಅವರಿಗೆ ಸಾಧ್ಯವಾದದ್ದು ನಮಗೇಕಾಗದು ಎಂದು ಸಹೋದ್ಯೋಗಿ ಕೇಳಿದರು. ಅವರಲ್ಲಿ ಪ್ರತಿ ಹೊಸ ಆವೃತ್ತಿಗೂ ಪ್ಯಾಚ್ ಮತ್ತೆ ಕೂರಿಸಿ, ಪರೀಕ್ಷಿಸಿ, ಭದ್ರತಾ ಸೂಚನೆ ಬಂದ ದಿನವೇ ಕಟ್ಟಿ ಹೊರಬಿಡುವ ತಂಡವಿದೆ. ನಮ್ಮಲ್ಲಿ ನಾನೊಬ್ಬ. ನಾನು ರಜೆಯಲ್ಲಿದ್ದಾಗ 2024ರ ಜುಲೈ 1ರಂಥ ದಿನ ಬಂದರೆ? ಅಂದು ರಿಗ್ರೆಎಸ್‌ಎಸ್‌ಎಚ್ ದೋಷ ಹೊರಬಿತ್ತು. ಲಾಗಿನ್ ಆಗದೆಯೇ ರೂಟ್ ಆಗಿ ಕೋಡ್ ಓಡಿಸಬಹುದಾದ ದೋಷ ಅದು. ವಿತರಣೆಯ ಪ್ಯಾಕೇಜ್ ಬಳಸುವವರಿಗೆ ಒಂದು ಅಪ್‌ಡೇಟ್ ಆಜ್ಞೆ ಸಾಕು. ಸ್ವಂತ ಬೈನರಿ ಇಟ್ಟುಕೊಂಡವರು ಕಂಪೈಲರ್ ಹಿಡಿದು ಕೂರಬೇಕು.

ದೊಡ್ಡ ತಂಡಗಳ ಪ್ಯಾಚ್‌ಗಳೂ ಅಪಾಯಕ್ಕೆ ಹೊರತಲ್ಲ. ಅದೇ ಜುಲೈನಲ್ಲಿ ಬಂದ ಸಿವಿಇ-2024-6409 ಎಂಬ ದೋಷ ನೋಡಿ. ಮೂಲ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಆ ಜಾಗ ಅಪಾಯಕಾರಿಯಾಗಿ ಇರಲಿಲ್ಲ. ರೆಡ್ ಹ್ಯಾಟ್ ಸೇರಿಸಿದ ಆಡಿಟ್ ಪ್ಯಾಚ್ ಅಲ್ಲಿ ಹೆಚ್ಚುವರಿ ಕೋಡ್ ಇಟ್ಟದ್ದರಿಂದ ಅದು ದೋಷವಾಯಿತು. 2024ರ ಮಾರ್ಚ್‌ನ ಎಕ್ಸ್‌ಝಡ್ (ಫೈಲು ಕುಗ್ಗಿಸುವ ಲೈಬ್ರರಿ) ಹಿಂಬಾಗಿಲೂ ಅದೇ ದಾರಿಯಲ್ಲಿ ಬಂತು. ಓಪನ್‌ಎಸ್‌ಎಸ್‌ಎಚ್‌ಗೂ ಎಕ್ಸ್‌ಝಡ್ ಲೈಬ್ರರಿಗೂ ನೇರ ನಂಟಿಲ್ಲ. ಸಿಸ್ಟಂಡಿಗೆ (ಸೇವೆಗಳನ್ನು ಶುರು ಮಾಡಿ ನೋಡಿಕೊಳ್ಳುವ ಪ್ರೋಗ್ರಾಮ್) ಸೂಚನೆ ಕಳಿಸಲು ವಿತರಣೆಗಳು ಸೇರಿಸಿದ ಪ್ಯಾಚ್ ಸಿಸ್ಟಂಡಿ ಲೈಬ್ರರಿಯನ್ನು ಎಳೆದುಕೊಂಡು ಬಂತು, ಅದು ಎಕ್ಸ್‌ಝಡ್ ಅನ್ನು ಎಳೆಯಿತು. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿರುವುದನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ಪ್ರೋಗ್ರಾಮರ್ ಬೆನ್ನು ಹತ್ತಿದ್ದರಿಂದ ಅದು ಬಯಲಾಯಿತು. 9.8ರಲ್ಲಿ ಓಪನ್‌ಎಸ್‌ಎಸ್‌ಎಚ್‌ನವರು ಆ ಸೂಚನೆಯ ಕೆಲಸವನ್ನು ಯಾವ ಲೈಬ್ರರಿಯೂ ಬೇಡದಂತೆ ತಾವೇ ಬರೆದು ಸೇರಿಸಿದರು. ಲಾಗಿನ್‌ಗೆ ಮೊದಲೇ, ಯಾರೆಂದು ಗೊತ್ತಿಲ್ಲದವರ ಎದುರು ಓಡುವ ಕೋಡ್‌ಗೆ 1997ರ ಲೈಬ್ರರಿಯೊಂದನ್ನು ನಾನಾಗಿ ಅಂಟಿಸಲು ಇದೆಲ್ಲ ಗೊತ್ತಿದ್ದೂ ಮನಸ್ಸು ಒಪ್ಪಲಿಲ್ಲ.

ಸಹೋದ್ಯೋಗಿ ಒಂದು ಷರತ್ತು ಹಾಕಿದರು: ಫೈರ್‌ವಾಲ್ ನಿಂತರೂ ಹೊರಗಿನವರು ಒಳಗೆ ಬರಬಾರದು, ಅದನ್ನು ಅವರ ಕಣ್ಣೆದುರೇ ತೋರಿಸಬೇಕು. ಮುಂದಿನ ಹಂತ ಪೂರ್ತಿ ಆ ಷರತ್ತಿಗಾಗಿ.

ಹಂತ 6: ಪ್ಯಾಚ್ ಇಲ್ಲದೆ ಮೂರು ತಡೆ

ಡೆಮನ್ ಈಗ ವಿತರಣೆಯದ್ದೇ, ಓಪನ್‌ಎಸ್‌ಎಸ್‌ಎಚ್ 8.7.

*ಮೊದಲ ತಡೆ, ಫೈರ್‌ವಾಲ್‌ಡಿ.* ಎರಡು ಜಾಲಗಳನ್ನು ಇಂಟರ್ನಲ್ ವಲಯಕ್ಕೆ ಮೂಲ ವಿಳಾಸವಾಗಿ ಸೇರಿಸಿದೆ, 77ಕ್ಕೆ ಅದೇ ವಲಯದಲ್ಲಿ ಬೀಳಿಸುವ ರಿಚ್ ನಿಯಮ, ಪಬ್ಲಿಕ್ ವಲಯದಿಂದ ಎಸ್‌ಎಸ್‌ಎಚ್ ಸೇವೆ ತೆಗೆದೆ. ದೂರದ ಸರ್ವರ್‌ನಲ್ಲಿ ಇದನ್ನು ಮಾಡುವವರು ಮೊದಲು ಶಾಶ್ವತ ಆಯ್ಕೆ ಕೊಡಬೇಡಿ. ಓಡುತ್ತಿರುವ ನಿಯಮ ಮಾತ್ರ ಬದಲಿಸಿ, 10 ನಿಮಿಷದ ನಂತರ ರೀಲೋಡ್ ಆಗುವಂತೆ ಅಟ್ ಆಜ್ಞೆಯಲ್ಲಿ ಕಟ್ಟಿಡಿ. ಹೊರಗೆ ಸಿಕ್ಕಿಬಿದ್ದರೆ ತಾನಾಗಿ ಹಳೆಯ ಸ್ಥಿತಿಗೆ ಬರುತ್ತದೆ. ಎಲ್ಲ ಸರಿಯಿದ್ದರೆ ಅಟ್ ಕೆಲಸ ರದ್ದು ಮಾಡಿ ಶಾಶ್ವತಗೊಳಿಸಿ.

ಪರೀಕ್ಷಿಸುವಾಗ ಎರಡು ಕಡೆ ಮೋಸವಾಗುತ್ತದೆ. ಈಗಾಗಲೇ ತೆರೆದಿರುವ ಸಂಪರ್ಕವನ್ನು ಫೈರ್‌ವಾಲ್ ಕಡಿಯುವುದಿಲ್ಲ, ಹಾಗಾಗಿ ಹಳೆಯ ಟರ್ಮಿನಲ್ ನಡೆಯುತ್ತಿದೆ ಎಂಬುದು ಏನನ್ನೂ ಸಾಬೀತುಪಡಿಸುವುದಿಲ್ಲ. ಇನ್ನೊಂದು, ನಿಮ್ಮ ಕ್ಲೈಂಟ್‌ನಲ್ಲಿ ಕಂಟ್ರೋಲ್‌ಮಾಸ್ಟರ್ ಇದ್ದರೆ ಹೊಸ ಟರ್ಮಿನಲ್ ಕೂಡ ಹಳೆಯ ಸಂಪರ್ಕದ ಮೇಲೆಯೇ ಸವಾರಿ ಮಾಡುತ್ತದೆ. ಪರೀಕ್ಷೆಗೆ ಅದನ್ನು ಬಂದ್ ಮಾಡಿ ಹೊಸದಾಗಿ ಸಂಪರ್ಕಿಸಿ.

*ಎರಡನೇ ತಡೆ, ಸಿಸ್ಟಂಡಿ.* ಸಹೋದ್ಯೋಗಿಯ ಷರತ್ತಿಗೆ ಉತ್ತರ ಇಲ್ಲಿ ಸಿಕ್ಕಿತು. ಎಸ್‌ಎಸ್‌ಎಚ್‌ಡಿ ಸೇವೆಯ ಯೂನಿಟ್‌ಗೆ ಒಂದು ಡ್ರಾಪ್-ಇನ್ ಫೈಲ್ ಇಟ್ಟು, ಐಪಿ ಅಡ್ರೆಸ್ ಡಿನೈ ಎಲ್ಲರಿಗೂ, ಐಪಿ ಅಡ್ರೆಸ್ ಅಲೋ ನಮ್ಮ ಜಾಲಗಳಿಗೆ ಮತ್ತು ಲೋಕಲ್‌ಹೋಸ್ಟ್‌ಗೆ ಎಂದು ಬರೆದೆ. ಇದನ್ನು ಜಾರಿ ಮಾಡುವುದು ಕರ್ನೆಲ್, ಆ ಸೇವೆಯ ಸಿಗ್ರೂಪ್ (ಅದರ ಪ್ರಕ್ರಿಯೆಗಳ ಗುಂಪು) ಮಟ್ಟದಲ್ಲಿ. ಫೈರ್‌ವಾಲ್‌ಡಿಗೂ ಇದಕ್ಕೂ ಸಂಬಂಧವಿಲ್ಲ. ಪ್ಯಾಕೆಟ್ ಎಸ್‌ಎಸ್‌ಎಚ್‌ಡಿ ಕೈಗೆ ಸಿಗುವ ಮೊದಲೇ ಬಿದ್ದುಹೋಗುತ್ತದೆ, ಅಂದರೆ ಹಳೆಯ ರ‍್ಯಾಪರ್‌ಗಿಂತಲೂ ಒಂದು ಹೆಜ್ಜೆ ಮುಂಚೆ. ಸಹೋದ್ಯೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರೀಕ್ಷಾ ಯಂತ್ರದ ಫೈರ್‌ವಾಲ್‌ಡಿ ನಿಲ್ಲಿಸಿದೆ, ಹೊರಗಿನ ವಿಳಾಸದಿಂದ ಸಂಪರ್ಕಿಸಿದೆ. ಬ್ಯಾನರ್ ಕೂಡ ಬರಲಿಲ್ಲ, ಕಾದು ಕಾದು ಟೈಮ್‌ಔಟ್ ಆಯಿತು. "ಇದು ಬರೋಬ್ಬರಿ ಐತಿ" ಎಂದರು.

ಇದಕ್ಕೊಂದು ಮಿತಿಯಿದೆ. ಅಲೋ ಪಟ್ಟಿಗೆ ಹೊಂದಿದ ವಿಳಾಸಕ್ಕೆ ಡಿನೈ ಪಟ್ಟಿ ನೋಡುವುದೇ ಇಲ್ಲ. ಆದ್ದರಿಂದ 192.168.14.0/24 ಜಾಲವನ್ನು ಒಳಗೆ ಬಿಟ್ಟು ಅದರೊಳಗಿನ 77 ಮಾತ್ರ ತಡೆ ಎನ್ನಲು ಇಲ್ಲಿ ಬರುವುದಿಲ್ಲ. ಅದಕ್ಕೆ ಮೂರನೆಯದು.

*ಮೂರನೇ ತಡೆ, ಎಸ್‌ಎಸ್‌ಎಚ್‌ಡಿಯ ಸ್ವಂತ ಮ್ಯಾಚ್ ಅಡ್ರೆಸ್.* ಕಾನ್ಫಿಗ್ ಡೈರೆಕ್ಟರಿಯಲ್ಲಿ 10ರಿಂದ ಶುರುವಾಗುವ ಹೆಸರಿನ ಫೈಲ್ ಇಟ್ಟೆ, ಏಕೆಂದರೆ ಇಲ್ಲಿ ಮೊದಲು ಸಿಕ್ಕ ಬೆಲೆಯೇ ನಿಲ್ಲುತ್ತದೆ. ನಮ್ಮ ಜಾಲದವರಲ್ಲದಿದ್ದರೆ ಎಲ್ಲ ಬಳಕೆದಾರರಿಗೂ ಡಿನೈ ಯೂಸರ್ಸ್. 77ಕ್ಕೆ ಬೇರೆ ಬ್ಲಾಕ್, ಅದರಲ್ಲೂ ಅದೇ.

ಮೊದಲ ಬಾರಿ ಆಶ್ಚರ್ಯಸೂಚಕ ಚಿಹ್ನೆ ಹಾಕಿ ನಮ್ಮ ಜಾಲಗಳನ್ನಷ್ಟೇ ಬರೆದಾಗ ಬ್ಲಾಕ್ ಯಾರಿಗೂ ಅನ್ವಯಿಸಲಿಲ್ಲ. ನಿರಾಕರಣೆ ಮಾತ್ರ ಇರುವ ಪಟ್ಟಿ ಯಾವತ್ತೂ ಹೊಂದುವುದಿಲ್ಲ. ಮೊದಲು ನಕ್ಷತ್ರ ಚಿಹ್ನೆ, ಆಮೇಲೆ ನಿರಾಕರಣೆಗಳು ಎಂದು ಬರೆಯಬೇಕು. ಇದು ಸಿಕ್ಕಿದ್ದು ಸಂಪರ್ಕಿಸಿ ನೋಡಿದ್ದರಿಂದಲ್ಲ. ಎಸ್‌ಎಸ್‌ಎಚ್‌ಡಿಗೆ ದೊಡ್ಡ ಟಿ ಮತ್ತು ದೊಡ್ಡ ಸಿ ಆಯ್ಕೆ ಕೊಟ್ಟು, ಬಳಕೆದಾರ, ಹೋಸ್ಟ್, ವಿಳಾಸ ಹೇಳಿದರೆ ಆ ಸಂಪರ್ಕಕ್ಕೆ ಅನ್ವಯಿಸುವ ಪೂರ್ತಿ ಕಾನ್ಫಿಗ್ ಮುದ್ರಿಸುತ್ತದೆ. ಹಂತ 1ರ ಕೋಷ್ಟಕದ ಪ್ರತಿ ವಿಳಾಸವನ್ನೂ ಒಂದು ಲೂಪ್‌ನಲ್ಲಿ ಇದಕ್ಕೆ ಕೊಟ್ಟು, ಟಿಸಿಪಿಡಿಮ್ಯಾಚ್ ಹೇಳಿದ್ದರ ಜೊತೆ ಡಿಫ್ ಹಾಕಿದೆ. ವೆಂಡರ್‌ನ ಸಾಲೊಂದನ್ನು ಬಿಟ್ಟು ಉಳಿದದ್ದೆಲ್ಲ ಹೊಂದಿತು.

ಈ ಮೂರನೆಯದನ್ನು ರ‍್ಯಾಪರ್‌ಗೆ ಸಮ ಎಂದು ಯಾರೂ ತಿಳಿಯಬಾರದು. ಡಿನೈ ಯೂಸರ್ಸ್ ತಡೆಯುವುದು ಲಾಗಿನ್ ಅನ್ನು. ಹೊರಗಿನವನು ಅಷ್ಟರೊಳಗೆ ಕೀ ವಿನಿಮಯ ಮುಗಿಸಿರುತ್ತಾನೆ, ಪಾಸ್‌ವರ್ಡ್ ಪ್ರಶ್ನೆಯನ್ನೂ ನೋಡಿರುತ್ತಾನೆ. ರಿಗ್ರೆಎಸ್‌ಎಸ್‌ಎಚ್‌ನಂಥ ದೋಷಕ್ಕೆ ಇದು ಅಡ್ಡಿಯೇ ಅಲ್ಲ. ಮೊದಲ ಎರಡು ತಡೆ ಇಲ್ಲದೆ ಇದನ್ನೊಂದೇ ನಂಬಬೇಡಿ.

ಮೂರು ಕಡೆ ಒಂದೇ ಪಟ್ಟಿಯನ್ನು ಕೈಯಾರೆ ತಿದ್ದುತ್ತಾ ಹೋದರೆ ಒಂದಲ್ಲ ಒಂದು ದಿನ ತಪ್ಪುತ್ತದೆ. ವಿಳಾಸಗಳ ಒಂದೇ ಪಠ್ಯ ಫೈಲ್ ಇಟ್ಟು, ಅದರಿಂದ ಮೂರನ್ನೂ ತಯಾರಿಸುವ ಚಿಕ್ಕ ಶೆಲ್ ಸ್ಕ್ರಿಪ್ಟ್ ಬರೆದೆ. ಕೊನೆಯಲ್ಲಿ ಅದೇ ಡಿಫ್ ಓಡುತ್ತದೆ. ವ್ಯತ್ಯಾಸ ಬಂದರೆ ಎಸ್‌ಎಸ್‌ಎಚ್‌ಡಿಯನ್ನು ಮುಟ್ಟದೆ ನಿಲ್ಲುತ್ತದೆ.

ಹಂತ 7: ವೆಂಡರ್ ಮತ್ತು ಮೇಲ್

ಡೊಮೇನ್ ಹೆಸರಿನ ನಿಯಮಕ್ಕೆ ಹೊಸ ವ್ಯವಸ್ಥೆಯಲ್ಲಿ ಜಾಗ ಕೊಡಲಿಲ್ಲ. ವೆಂಡರ್‌ಗೆ ಸ್ಥಿರ ವಿಳಾಸ ಕೊಡಿ ಎಂದು ಬರೆದೆ. ಅವರ ಬಳಿ ಆಗಲೇ ಇತ್ತು, ಕೇಳಿರಲಿಲ್ಲ ಅಷ್ಟೆ. ಆ ವಿಳಾಸ ಪಟ್ಟಿಗೆ ಸೇರಿತು, ಅವರ ಕೀ ಇರುವ ಸಾಲಿನಲ್ಲೂ ಫ್ರಮ್ ಆಯ್ಕೆಯಲ್ಲಿ ಅದೇ ವಿಳಾಸ ಹಾಕಿದೆ.

ಸ್ಪಾನ್ ಮಾಡುತ್ತಿದ್ದ ಮೇಲ್ ಕೆಲಸವನ್ನು ಪ್ಯಾಮ್‌ನ ಎಕ್ಸೆಕ್ ಮಾಡ್ಯೂಲ್‌ಗೆ ಕೊಟ್ಟೆ. ಸೆಷನ್ ತೆರೆದಾಗ ಬಳಕೆದಾರನ ಹೆಸರು, ಬಂದ ವಿಳಾಸ ಎರಡೂ ಎನ್ವಿರಾನ್‌ಮೆಂಟ್‌ನಲ್ಲಿ ಸಿಗುತ್ತವೆ. ಮೊದಲ ಸ್ಕ್ರಿಪ್ಟ್ ನೇರ ಮೇಲ್ ಕಳಿಸುತ್ತಿತ್ತು. ಪರೀಕ್ಷೆಗೆ ಮೇಲ್ ಸರ್ವರ್ ನಿಲ್ಲಿಸಿದಾಗ ಲಾಗಿನ್ ಕೂಡ ಅದರ ಜೊತೆ ತೂಗಾಡಿತು. ಈಗ ಸ್ಕ್ರಿಪ್ಟ್ ಲಾಗರ್‌ಗೆ ಒಂದು ಸಾಲು ಬರೆದು ಮುಗಿಸುತ್ತದೆ, ಆ ಸಾಲನ್ನು ನೋಡಿ ಮೇಲ್ ಕಳಿಸುವುದು ಬೇರೆ ಟೈಮರ್. ಪ್ಯಾಮ್ ಸಾಲು ಆಪ್ಷನಲ್ ಆಗಿರಲಿ. ರಿಕ್ವೈರ್ಡ್ ಎಂದು ಬರೆದರೆ ಸ್ಕ್ರಿಪ್ಟ್ ಎಡವಿದ ದಿನ ಯಾರಿಗೂ ಲಾಗಿನ್ ಇಲ್ಲ.

ಹಂತ 8: ಹಳೆಯ ಸ್ವಿಚ್, ಇಲ್ಲಿ ಮಾತ್ರ ವಾಪಸ್ ಹಾಕಿದೆವು

ಹೊಸ ಸರ್ವರ್‌ನಿಂದ ಒಂದು ಹಳೆಯ ನೆಟ್‌ವರ್ಕ್ ಸ್ವಿಚ್‌ಗೆ ಎಸ್‌ಎಸ್‌ಎಚ್ ಮಾಡಿದರೆ ಮೊದಲು ಕೀ ವಿನಿಮಯದ ವಿಧಾನ ಹೊಂದುತ್ತಿಲ್ಲ ಎಂದಿತು. ಹಳೆಯ ಗ್ರೂಪ್1-ಶಾ1 ವಿಧಾನ, ಆರ್‌ಎಸ್‌ಎ-ಶಾ1 ಹೋಸ್ಟ್ ಕೀ ಎರಡನ್ನೂ ಸೇರಿಸಿದ ಮೇಲೆ ಲಿಬ್‌ಕ್ರಿಪ್ಟೋದಲ್ಲಿ ದೋಷ ಎಂದಿತು. ಅಲ್ಮಾಲಿನಕ್ಸ್ 9ರಲ್ಲಿ ಶಾ-1 (ಈಗ ದುರ್ಬಲವೆನಿಸಿರುವ ಹಳೆಯ ಹ್ಯಾಶ್ ವಿಧಾನ) ಸಹಿಗಳನ್ನು ಇಡೀ ವ್ಯವಸ್ಥೆಯ ಕ್ರಿಪ್ಟೋ ನೀತಿಯೇ ತಡೆಯುತ್ತದೆ, ಎಸ್‌ಎಸ್‌ಎಚ್ ಕಾನ್ಫಿಗ್ ತಿದ್ದಿದರೆ ಸಾಲದು.

ನೀತಿಗೆ ಶಾ1 ಉಪನೀತಿ ಸೇರಿಸಿದರೆ ಕೆಲಸ ಆಗುತ್ತದೆ, ಆದರೆ ಆಗ ಇಡೀ ಸರ್ವರ್‌ನ ಎಲ್ಲ ಪ್ರೋಗ್ರಾಮಿಗೂ ಶಾ-1 ತೆರೆದುಕೊಳ್ಳುತ್ತದೆ. ಒಂದು ಸ್ವಿಚ್‌ಗಾಗಿ ಅದನ್ನು ಮಾಡಲಾರೆ. ಡೆಬಿಯನ್ 12ರ ಪುಟ್ಟ ವರ್ಚುವಲ್ ಯಂತ್ರವೊಂದನ್ನು ನಿರ್ವಹಣಾ ಜಾಲದಲ್ಲಿ ಮಾತ್ರ ಇಟ್ಟು, ಅದರ ಕ್ಲೈಂಟ್ ಕಾನ್ಫಿಗ್‌ನಲ್ಲಿ ಆ ಒಂದೇ ವಿಳಾಸದ ಹೋಸ್ಟ್ ಬ್ಲಾಕ್ ಅಡಿ ಹಳೆಯ ವಿಧಾನಗಳನ್ನು ಸೇರಿಸಿದೆ. ಡೆಬಿಯನ್‌ನವರು ಎಸ್‌ಎಸ್‌ಎಚ್‌ನ ಹಳೆಯ ಪ್ರೋಟೋಕಾಲ್ 1 ಮಾತ್ರ ಗೊತ್ತಿರುವ ಉಪಕರಣಗಳಿಗೆ 7.5ರ ಕ್ಲೈಂಟ್ ಅನ್ನು ಬೇರೆ ಹೆಸರಿನ ಪ್ಯಾಕೇಜ್ ಆಗಿ ಇಟ್ಟಿರುವುದೂ ಹೀಗೆಯೇ. ಬೇಕಾದವನು ಹೆಸರು ಹಿಡಿದು ಕರೆಯಬೇಕು, ಉಳಿದವರಿಗೆ ಅದರ ಸೋಂಕಿಲ್ಲ. ಸರ್ವರ್ ಬದಿಯಲ್ಲಿ ರ‍್ಯಾಪರ್ ವಾಪಸ್ ತಂದಿದ್ದರೆ ಅದರ ಭಾರ ಬರುವ ಪ್ರತಿಯೊಬ್ಬರ ಸಂಪರ್ಕದ ಮೇಲೂ ಬೀಳುತ್ತಿತ್ತು. ಇಲ್ಲಿ ಭಾರ ಒಂದು ಸ್ವಿಚ್, ಒಂದು ಬ್ಲಾಕ್. ಹೊಸ ಸ್ವಿಚ್‌ಗೆ ಕೊಟೇಶನ್ ಕೇಳಿದ್ದೇವೆ. ಅದು ಬಂದ ದಿನ ಈ ಯಂತ್ರ ಅಳಿಸುತ್ತೇವೆ.

ಬಾಕಿ ಇರುವುದು

ಹೊಸ ಸರ್ವರ್‌ನಿಂದ ಹೋಸ್ಟ್ಸ್ ಅಲೋ, ಹೋಸ್ಟ್ಸ್ ಡಿನೈ ಎರಡನ್ನೂ ಅಳಿಸಿದ್ದೇನೆ. ಅವು ಅಲ್ಲೇ ಇದ್ದರೆ ಮುಂದೆ ಬರುವವರು ಅವು ಕಾಯುತ್ತಿವೆ ಎಂದು ನಂಬಿಬಿಡುತ್ತಾರೆ. ಯಾವ ಸಾಲು ಈಗ ಎಲ್ಲಿದೆ ಎಂಬುದನ್ನು ಪಟ್ಟಿ ಫೈಲಿನ ತಲೆಯಲ್ಲಿ ಬರೆದಿದ್ದೇನೆ.

ಶಾಖೆಗಳಿಗೆ ಐಪಿವಿ6 ಬಂದಾಗ ಪಟ್ಟಿಗೆ ಆ ವಿಳಾಸಗಳೂ ಬೇಕು. ಸದ್ಯ ಐಪಿವಿ6ನಿಂದ ಬಂದವರೆಲ್ಲ ಸಿಸ್ಟಂಡಿ ತಡೆಯಲ್ಲೇ ಬೀಳುತ್ತಾರೆ. 9.8ರಲ್ಲಿ ಬಂದ ಪರ್ ಸೋರ್ಸ್ ಪೆನಲ್ಟೀಸ್, ಅಂದರೆ ಪದೇ ಪದೇ ತಪ್ಪು ಪಾಸ್‌ವರ್ಡ್ ಕೊಡುವ ವಿಳಾಸವನ್ನು ಎಸ್‌ಎಸ್‌ಎಚ್‌ಡಿಯೇ ಕೆಲಹೊತ್ತು ದೂರ ಇಡುವ ಸೌಲಭ್ಯ, ನಮ್ಮ 8.7ರಲ್ಲಿಲ್ಲ. ಅಲ್ಮಾಲಿನಕ್ಸ್ 10ರಲ್ಲಿ 9.9 ಇದೆ. ಅಲ್ಲಿಗೆ ಹೋಗುವಾಗ ಮೊದಲು ಮಾಡುವ ಕೆಲಸ ಅದೇ ಕೋಷ್ಟಕವನ್ನು ಮತ್ತೆ ಓಡಿಸುವುದು. ಎಸ್‌ಎಸ್‌ಎಚ್‌ಡಿ ಎರಡು ಹೋಳಾದ ಮೇಲೆ ಸಿಸ್ಟಂಡಿ ತಡೆ ಸೆಷನ್ ಬೈನರಿಗೂ ಹಾಗೇ ಹಿಡಿಯುತ್ತದೆಯೇ ಎಂದು ಪರೀಕ್ಷಾ ಯಂತ್ರದಲ್ಲಿ ಫೈರ್‌ವಾಲ್‌ಡಿ ನಿಲ್ಲಿಸಿಯೇ ನೋಡಬೇಕು.